ಅರಿಶಿನ–ಕುಂಕುಮದ ನಡುವೆ ಒಂದು ಬಿಳಿ ಗೆರೆ

ನವೆಂಬರ್ ಹತ್ತಿರವಾದಂತೆ ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಬಾವುಟದ ಚಿತ್ರವಿರುವ ಟೀ ಶರ್ಟುಗಳು ಸಾಲಾಗಿ ತೂಗಾಡುತ್ತವೆ. ಕನ್ನಡ ಸಂಘಗಳು, ಆಟೊ ಸ್ಟ್ಯಾಂಡಿನ ಗೆಳೆಯರ ಬಳಗಗಳು, ಕಾಲೇಜು ಹುಡುಗರು ರಾಜ್ಯೋತ್ಸವಕ್ಕೆಂದು ಐವತ್ತು, ನೂರರ ಲೆಕ್ಕದಲ್ಲಿ ಮಾಡಿಸಿಕೊಳ್ಳುವ ಅಂಗಿಗಳೂ ಇದೇ ಹೊತ್ತಿಗೆ ತಯಾರಾಗುತ್ತವೆ. ಅಂಥ ಒಂದು ಬಿಳಿ ಅಂಗಿಯನ್ನು ಕೈಗೆತ್ತಿಕೊಂಡು ಎದೆಯ ಮೇಲಿನ ಬಾವುಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಹಳದಿ ಮುಗಿದು ಕೆಂಪು ಶುರುವಾಗುವ ಕಡೆ ಕೆಲವು ಅಂಗಿಗಳಲ್ಲಿ ತೆಳ್ಳನೆಯ ಬಿಳಿ ಗೆರೆಯೊಂದು ಇಣುಕುತ್ತದೆ. ಅದೇ ಕಂತೆಯ ಇನ್ನೊಂದು ಅಂಗಿಯಲ್ಲಿ ಗೆರೆ ಇರುವುದಿಲ್ಲ; ಅಲ್ಲಿ ಎರಡೂ ಬಣ್ಣ ಒಂದರ ಮೇಲೊಂದು ಹತ್ತಿ ಗಾಢವಾದ ಅಂಚು ಮೂಡಿರುತ್ತದೆ.

ಇಂಥ ಅಂಗಿ ವಾಪಸು ಬಂದಾಗ ಅಂಗಡಿಯವರು ಮೊದಲು ದೂರುವುದು ಮುದ್ರಿಸಿದವನ ಕೈಯನ್ನು. ಆಮೇಲೆ ಫಿಲಂ, ಆಮೇಲೆ ಸ್ಕ್ರೀನಿನ ಬಟ್ಟೆ. ಮೂರರಲ್ಲೂ ತಪ್ಪಿರಬಹುದು. ಆದರೆ ಗೆರೆಯೇ ಒಂದು ಸುಳಿವು ಕೊಡುತ್ತದೆ. ಎಲ್ಲ ಅಂಗಿಗಳಲ್ಲೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪಿದ್ದರೆ ಸ್ಕ್ರೀನ್ ಕೂರಿಸುವಾಗ ಹೊಂದಿಕೆ ಕೆಟ್ಟಿದೆ ಎಂದರ್ಥ. ಎರಡು ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಒಂದರಲ್ಲಿ ಎಡಕ್ಕೆ, ಮತ್ತೊಂದರಲ್ಲಿ ಬಲಕ್ಕೆ, ಮೂರನೆಯದರಲ್ಲಿ ಸರಿಯಾಗಿ ಬಿದ್ದಿದೆ ಎಂದಾದರೆ ಯಂತ್ರವೇ ಅಲುಗುತ್ತಿದೆ. ಆಗ ಬಗ್ಗಿ ಮೊಣಕಾಲಿನ ಕೆಳಗೆ ನೋಡಬೇಕು. ಯಂತ್ರ ಕೊಳ್ಳುವಾಗ ಯಾರೂ ಗಮನಿಸದ, ಕಟ್ಟುವಾಗ ಎಲ್ಲರೂ ದುಡ್ಡು ಉಳಿಸಲು ನೋಡುವ ಭಾಗ ಅಲ್ಲಿದೆ: ಬೇಸ್ ಫ್ರೇಮ್, ಯಂತ್ರದ ಪೀಠ.

ಸ್ಕ್ರೀನ್ ಪ್ರಿಂಟಿಂಗ್ ಹಳೆಯ ಕಸುಬು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸ್ಯಾಮ್ಯುಯೆಲ್ ಸೈಮನ್ ಇದಕ್ಕೆ ಪೇಟೆಂಟ್ ಪಡೆದದ್ದು 1907ರಲ್ಲಿ. ಆದರೆ ಟೀ ಶರ್ಟಿನ ಮೇಲೆ ನಾಲ್ಕಾರು ಬಣ್ಣಗಳನ್ನು ಒಂದರ ಪಕ್ಕ ಒಂದು ಕರಾರುವಾಕ್ಕಾಗಿ ಕೂರಿಸುವುದು ಸಲೀಸಾದದ್ದು ಅಮೆರಿಕದ ಮೈಕಲ್ ವ್ಯಾಸಿಲಾಂಟೋನ್ 1960ರ ದಶಕದಲ್ಲಿ ತಿರುಗುವ ಯಂತ್ರವನ್ನು ರೂಪಿಸಿದ ಮೇಲೆ. 1967ರಲ್ಲಿ ಅರ್ಜಿ ಹಾಕಿದ ಅವರಿಗೆ 1969ರ ಫೆಬ್ರುವರಿಯಲ್ಲಿ ಪೇಟೆಂಟ್ ಸಿಕ್ಕಿತು. ಇಂದು ಸಣ್ಣ ಶೆಡ್ಡುಗಳಲ್ಲಿ ಕಾಣುವ, ಕೈಯಲ್ಲಿ ತಿರುಗಿಸುವ ‘ನಾಲ್ಕು ಬಣ್ಣದ ಮೆಷಿನ್’ ಅದೇ ಕಲ್ಪನೆಯ ಮರಿಮಕ್ಕಳು. ನಡುವೆ ಒಂದು ಕಂಬ. ಕಂಬದ ಸುತ್ತ ಜಾತ್ರೆಯ ತಿರುಗುತೊಟ್ಟಿಲಿನಂತೆ ಚಾಚಿದ ತೋಳುಗಳು. ಕೆಳಗಿನ ತೋಳಿನ ತುದಿಯಲ್ಲಿ ಅಂಗಿ ತೊಡಿಸುವ ಹಲಗೆ, ಅಂದರೆ ಪ್ಯಾಲೆಟ್. ಮೇಲಿನ ತೋಳಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್. ಹಳದಿ ಒತ್ತಿ, ತಿರುಗಿಸಿ, ಕೆಂಪು ಒತ್ತಬೇಕು. ಸ್ಕ್ರೀನನ್ನು ಪ್ರತಿ ಸಲ ಇಳಿಸಿದಾಗಲೂ ಅದು ಮೊದಲು ಕೂತ ಜಾಗದಲ್ಲೇ ಬಂದು ಕೂರಬೇಕು.

ಅದೇ ಜಾಗ ಎಂದರೆ ಎಷ್ಟು ಕರಾರುವಾಕ್ಕು? ಟೀ ಶರ್ಟಿನ ಮೇಲೆ ಮುಖಚಿತ್ರ ಬಿಡಿಸಲು ಸಾಮಾನ್ಯವಾಗಿ ಅಂಗುಲಕ್ಕೆ 55 ಸಾಲಿನ ಆಸುಪಾಸಿನ ಚುಕ್ಕಿಗಳನ್ನು ಬಳಸುತ್ತಾರೆ. ಅಂದರೆ ಚುಕ್ಕಿಯಿಂದ ಚುಕ್ಕಿಗೆ 0.46 ಮಿ.ಮೀ. ಕಾಲು ಮಿಲಿಮೀಟರ್ ಸರಿದರೆ ಚುಕ್ಕಿ ಅರ್ಧ ಮನೆ ದಾಟಿ ಪಕ್ಕದ ಬಣ್ಣದ ಮೇಲೆ ಕೂತಿತು, ಡಾ. ರಾಜ್‌ಕುಮಾರ್ ಅವರ ತುಟಿಯ ಕೆಂಪು ಮೀಸೆಗೆ ಹತ್ತಿತು. ಬಾವುಟದಂಥ ಸರಳ ಚಿತ್ರದಲ್ಲೂ ಅರ್ಧ ಮಿಲಿಮೀಟರ್ ಕಣ್ಣಿಗೆ ಬೀಳುತ್ತದೆ. ಜೊತೆಗೆ ಸ್ಕ್ರೀನ್ ಬಟ್ಟೆಗೆ ಅಂಟಿಕೊಂಡಿರಬಾರದು. ಒಂದೂವರೆಯಿಂದ ಮೂರು ಮಿ.ಮೀ. ಮೇಲೆ ತೇಲುತ್ತಿರಬೇಕು. ಸ್ಕ್ವೀಜಿ (ಬಣ್ಣ ಒತ್ತುವ ರಬ್ಬರ್ ಪಟ್ಟಿ) ಎಳೆದ ಜಾಗದಲ್ಲಷ್ಟೇ ಬಟ್ಟೆಗೆ ತಾಗಿ, ಹಿಂದೆಯೇ ಬಿಟ್ಟುಕೊಳ್ಳಬೇಕು. ‘ಆಫ್ ಕಾಂಟ್ಯಾಕ್ಟ್’ ಎನ್ನುವ ಈ ಸಂದು ಒಂದು ಕಡೆ ಕಡಿಮೆ, ಒಂದು ಕಡೆ ಹೆಚ್ಚಾದರೆ ಬಣ್ಣ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು.

ಅಂಗಿ ಮುದ್ರಿಸುವವರು ಸ್ಕ್ವೀಜಿಯ ಮೇಲೆ ಮೈಭಾರ ಹಾಕುತ್ತಾರೆ. ಆ ಭಾರ ಹಲಗೆಯಿಂದ ತೋಳಿಗೆ, ತೋಳಿನಿಂದ ನಡುಗಂಬದ ಬೇರಿಂಗಿಗೆ, ಕಂಬದಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ಇಳಿಯುತ್ತದೆ. ಈ ದಾರಿಯಲ್ಲಿ ಎಲ್ಲೆಲ್ಲಿ ಬಾಗುತ್ತದೋ, ತಿರುಚಿಕೊಳ್ಳುತ್ತದೋ ಅದೆಲ್ಲ ಕೂಡಿ ಅಂಗಿಯ ಮೇಲೆ ಬಿಳಿ ಗೆರೆಯಾಗುತ್ತದೆ.

ಇಲ್ಲೇ ಬಹಳ ಜನ ಎಡವುತ್ತಾರೆ. ‘ಗಟ್ಟಿಯಾಗಿರಲಿ’ ಎಂದು ದಪ್ಪ ಕಬ್ಬಿಣ ತರುತ್ತಾರೆ, ಇಲ್ಲವೇ ಹೆಚ್ಚು ಬೆಲೆಯ ಉಕ್ಕು ಕೇಳುತ್ತಾರೆ. ಮುರಿಯದಿರುವುದು ಒಂದು ಗುಣ, ಬಾಗದಿರುವುದು ಬೇರೆಯೇ ಗುಣ. ಸ್ಕ್ರೀನ್ ಪ್ರಿಂಟಿಂಗ್ ಯಂತ್ರದ ಕಾಲು ಮುರಿದುಬಿದ್ದದ್ದನ್ನು ಕಂಡವರು ಅಪರೂಪ; ಬಾಗುವುದು ಮಾತ್ರ ದಿನಾ ನಡೆಯುತ್ತದೆ. ಬಾಗದಿರುವ ಗುಣವನ್ನು ಅಳೆಯುವ ಯಂಗ್ ಗುಣಾಂಕ ಉಕ್ಕಿನಲ್ಲಿ ಸುಮಾರು 200 ಗಿಗಾಪಾಸ್ಕಲ್. ಬೀದಿಯಂಚಿನ ಕಬ್ಬಿಣದ ಅಂಗಡಿಯ ಸಾದಾ ಎಂ.ಎಸ್. ಪೈಪಿಗೂ, ಅದರ ಎರಡು ಪಟ್ಟು ಬಲವಿರುವ ದುಬಾರಿ ಉಕ್ಕಿಗೂ ಈ ಅಂಕಿ ಹೆಚ್ಚುಕಮ್ಮಿ ಒಂದೇ. ದುಬಾರಿ ಉಕ್ಕು ಮುರಿಯಲು ಹೆಚ್ಚು ಭಾರ ಬೇಕು, ಆದರೆ ಅದೇ ಭಾರಕ್ಕೆ ಅಷ್ಟೇ ಬಾಗುತ್ತದೆ. ಹಾಗಾಗಿ ಉಳಿತಾಯಕ್ಕೂ ಬಿಗಿಗೂ ಇರುವ ದಾರಿ ಒಂದೇ: ಅಗ್ಗದ ಉಕ್ಕಿಗೆ ಸರಿಯಾದ ಆಕಾರ.

ಆಕಾರದ ಮಹಿಮೆಯನ್ನು ಲೆಕ್ಕದಲ್ಲೇ ನೋಡಬಹುದು. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ ಮೀಟರಿಗೆ ನಾಲ್ಕೂಕಾಲು ಕಿಲೋದಷ್ಟು ತೂಗುತ್ತದೆ. ಅಷ್ಟೇ ತೂಕದ ಗಟ್ಟಿ ಸರಳು ತಂದರೆ ಅದು 24 ಮಿ.ಮೀ. ಚೌಕವೂ ಆಗುವುದಿಲ್ಲ, ಪೈಪಿಗಿಂತ ಏಳೆಂಟು ಪಟ್ಟು ಹೆಚ್ಚು ಬಾಗುತ್ತದೆ. ಇನ್ನೊಂದು ಲೆಕ್ಕ ಇನ್ನೂ ಉಪಯೋಗದ್ದು. ಅದೇ ತೂಕದ ಆಸುಪಾಸಿನಲ್ಲಿ 75 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪ್ ತಗೊಂಡರೆ 50ರ ಪೈಪಿಗಿಂತ ಎರಡೂವರೆ ಪಟ್ಟು ಬಿಗಿ. ಪೈಪು ತೂಕದ ಮೇಲೆ ಮಾರಾಟವಾಗುವ ಸರಕು, ಆದ್ದರಿಂದ ಈ ಬಿಗಿ ಬಹುತೇಕ ಪುಕ್ಕಟೆ. ತೆಳು ಗೋಡೆ ಬೋಲ್ಟ್ ಬಿಗಿದ ಕಡೆ ಒಳಕ್ಕೆ ತಗ್ಗುತ್ತದೆ, ವೆಲ್ಡಿಂಗಿನಲ್ಲಿ ತೂತು ಬೀಳುತ್ತದೆ ಎಂಬುದೂ ನಿಜ. ಅಂಥಲ್ಲಿ ಒಂದು ತುಂಡು ಪ್ಲೇಟು ಹಚ್ಚಬೇಕು.

ಎಲ್ ಆಂಗಲ್ ವಿಷಯ ಬೇರೆ. ಕಪಾಟು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡುಗಳಿಗೆ ಅದೇ ಬಳಕೆಯಲ್ಲಿರುವುದರಿಂದ ವೆಲ್ಡಿಂಗ್ ಅಂಗಡಿಯವರ ಕೈ ಮೊದಲು ಅದರ ಕಡೆಗೇ ಹೋಗುತ್ತದೆ. ನೇರ ಭಾರಕ್ಕೆ ಆಂಗಲ್ ಸಾಕು, ತಿರುಚಿದರೆ ಮಾತ್ರ ಸೋಲುತ್ತದೆ. ಇದನ್ನು ಕೈಯಾರೆ ನೋಡಬೇಕೆಂದರೆ ಒಂದಡಿ ಉದ್ದದ ತೆಳು ಸ್ಕ್ವೇರ್ ಪೈಪಿನ ತುಂಡೊಂದನ್ನು ವೈಸಿಗೆ ಕಚ್ಚಿಸಿ, ತುದಿಗೆ ಅಡ್ಡ ಸರಳು ಹಾಕಿ ತಿರುಚಿ ನೋಡಬೇಕು. ಜಗ್ಗುವುದಿಲ್ಲ. ಆಮೇಲೆ ಅದರ ಒಂದು ಮೈಯನ್ನು ಗ್ರೈಂಡರಿನಲ್ಲಿ ಉದ್ದಕ್ಕೂ ಸೀಳಿ ಮತ್ತೆ ತಿರುಚಿದರೆ ಹಸಿ ಬಿದಿರಿನ ದಬ್ಬೆಯಂತೆ ಹೊರಳುತ್ತದೆ. ತೆಗೆದ ಉಕ್ಕು ಬ್ಲೇಡಿನ ದಪ್ಪದಷ್ಟು ಮಾತ್ರ. 50–3ರ ಪೈಪಿಗೆ ಲೆಕ್ಕ ಹಾಕಿದರೆ ಆ ಒಂದು ಸೀಳಿಗೆ ತಿರುಚು ತಡೆಯುವ ಬಿಗಿ ನೂರೆಂಬತ್ತು ಪಟ್ಟಿಗೂ ಹೆಚ್ಚು ಕುಸಿಯುತ್ತದೆ. ಆಂಗಲ್, ಚಾನೆಲ್ ಎಲ್ಲವೂ ಸೀಳಿದ ಪೈಪಿನ ಜಾತಿಯವೇ. ತೋಳಿನ ತುದಿಯಲ್ಲಿ, ಅದೂ ಹಲಗೆಯ ಒಂದು ಪಕ್ಕದಲ್ಲಿ ಸ್ಕ್ವೀಜಿ ಒತ್ತಿದಾಗ ತೋಳೂ ಕಂಬವೂ ಅನುಭವಿಸುವುದು ಇದೇ ತಿರುಚನ್ನು.

ತೋಳನ್ನೂ ಒಮ್ಮೆ ಲೆಕ್ಕಕ್ಕೆ ಹಿಡಿಯೋಣ. ಕಂಬದಿಂದ 700 ಮಿ.ಮೀ. ಚಾಚಿದ ತೋಳಿನ ತುದಿಗೆ 10 ಕಿಲೋ ಭಾರ ಬಿತ್ತು ಎಂದುಕೊಂಡರೆ 40 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪ್ ಅರ್ಧ ಮಿ.ಮೀ.ಗಿಂತ ಹೆಚ್ಚು ತಗ್ಗುತ್ತದೆ; 50ರ ಪೈಪ್ ಕಾಲು ಮಿ.ಮೀ.ನಷ್ಟು. ಅದೇ ದಪ್ಪದ 80–40ರ ಪೈಪನ್ನು ಮಲಗಿಸಿ ಜೋಡಿಸಿದರೆ 0.3 ಮಿ.ಮೀ., ಅದನ್ನೇ ಎದ್ದು ನಿಲ್ಲುವಂತೆ ಜೋಡಿಸಿದರೆ 0.1 ಮಿ.ಮೀ. ಒಂದೇ ಪೈಪು, ಒಂದೇ ಬೆಲೆ. ಮನೆಯ ತೊಲೆಯನ್ನು ಅಡ್ಡ ಮಲಗಿಸದೆ ನಿಲ್ಲಿಸಿ ಕೂರಿಸುವ ಬಡಗಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಾಲು ಮೂರಿರಬೇಕೇ, ನಾಲ್ಕೇ? ಒರಟು ನೆಲದ ಮೇಲೆ ಮೂರು ಕಾಲಿನ ಮಣೆ ಎಂದೂ ಕುಂಟುವುದಿಲ್ಲ. ಮೂರು ಬಿಂದು ಎಲ್ಲಿಟ್ಟರೂ ಒಂದು ಸಮತಲ ಸಿಕ್ಕೇ ಸಿಗುತ್ತದೆ. ನಾಲ್ಕನೆಯ ಕಾಲು ಬಂತೆಂದರೆ ಕುಂಟು ಶುರು. ಆದರೆ ಮೂರು ಕಾಲಿನದು ಬೇಗ ಮಗುಚುತ್ತದೆ. ನಡುವಿನಿಂದ ಕಾಲಿನ ತುದಿಗೆ 600 ಮಿ.ಮೀ. ಇದ್ದರೆ, ಮಗುಚುವ ಅಂಚು ಮೂರು ಕಾಲಿಗೆ ನಡುವಿನಿಂದ 300 ಮಿ.ಮೀ. ದೂರದಲ್ಲಿರುತ್ತದೆ, ನಾಲ್ಕು ಕಾಲಿಗೆ 424. ನಡುವಿನಿಂದ 900 ಮಿ.ಮೀ. ದೂರದ ಹಲಗೆಯ ಮೇಲೆ ಯಾರೋ 30 ಕಿಲೋ ಭಾರ ಹಾಕಿ ಒರಗಿದರು ಎನ್ನೋಣ. ಮಗುಚದಿರಲು ಮೂರು ಕಾಲಿನ ಯಂತ್ರ ಕನಿಷ್ಠ 60 ಕಿಲೋ ತೂಗಬೇಕು, ನಾಲ್ಕು ಕಾಲಿನದಕ್ಕೆ 34 ಸಾಕು. ಶೆಡ್ಡಿನಲ್ಲಿ ಜನ ಯಂತ್ರಕ್ಕೆ ಒರಗಿಯೇ ಒರಗುತ್ತಾರೆ. ಹಾಗಾಗಿ ನಾಲ್ಕು ಕಾಲೇ ಲೇಸು, ಪ್ರತಿ ಕಾಲಿನ ತುದಿಗೆ ಎತ್ತರ ಹೊಂದಿಸುವ ದಪ್ಪ ಬೋಲ್ಟಿನೊಂದಿಗೆ.

ಕಬ್ಬಿಣದ ಅಂಗಡಿಯಲ್ಲಿ ಪೈಪು ಸಿಗುವುದು ಆರು ಮೀಟರಿನ, ಅಂದರೆ ಹೆಚ್ಚುಕಡಿಮೆ ಇಪ್ಪತ್ತಡಿಯ ಉದ್ದದಲ್ಲಿ. ಒಳ್ಳೆಯ ವಿನ್ಯಾಸ ಆ ಉದ್ದವನ್ನು ನೆನಪಿನಲ್ಲಿಟ್ಟುಕೊಂಡೇ ಹುಟ್ಟಬೇಕು. ನಾಲ್ಕು ಕಾಲಿಗೆ 550 ಮಿ.ಮೀ.ನ ನಾಲ್ಕು ತುಂಡು, ಕಾಲಿನಿಂದ ಕಂಬಕ್ಕೆ ಓರೆಯಾಗಿ ಏರುವ ಆಸರೆಗೆ 450ರ ನಾಲ್ಕು ತುಂಡು, ಕಾಲುಗಳನ್ನು ಒಂದಕ್ಕೊಂದು ಬಿಗಿಯುವ ಸುತ್ತುಪಟ್ಟಿಗೆ 460ರ ನಾಲ್ಕು ತುಂಡು: ಒಟ್ಟು 5.84 ಮೀಟರ್. ಬ್ಲೇಡು ತಿಂದುಹಾಕುವುದನ್ನೂ ಸೇರಿಸಿದರೆ ಒಂದೇ ಪೈಪಿನಲ್ಲಿ ಮುಗಿಯಿತು. 50–3ರ ಪೈಪಾದರೆ ಸುಮಾರು 26 ಕಿಲೋ. ನಡುವಿನ ಕಂಬಕ್ಕೆ 100 ಮಿ.ಮೀ. ಚೌಕದ, 4 ಮಿ.ಮೀ. ದಪ್ಪದ 700 ಮಿ.ಮೀ. ತುಂಡು ಬೇರೆ, ಇನ್ನೊಂದು ಎಂಟು ಕಿಲೋ. ಓರೆ ಆಸರೆಯನ್ನು ಬಿಟ್ಟು ದಪ್ಪ ಪೈಪ್ ಹಾಕುತ್ತೇನೆ ಎನ್ನುವವರಿದ್ದಾರೆ. ಬೇಡ. ತ್ರಿಕೋನ ಕಟ್ಟಿದ ಮೇಲೆ ಕಾಲು ಬಾಗಬೇಕೆಂದರೆ ಆಸರೆಯ ಉದ್ದವೇ ಬದಲಾಗಬೇಕು, ಉಕ್ಕು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಕಾಗದದ ಮೇಲಿನ ಈ ಲೆಕ್ಕವನ್ನೆಲ್ಲ ಅರ್ಧ ಗಂಟೆಯಲ್ಲಿ ಕೆಡಿಸುವ ಶಕ್ತಿ ವೆಲ್ಡಿಂಗಿಗಿದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ ತುಂಡನ್ನು ಎಳೆಯುತ್ತದೆ. ಕಾಲಿನ ಮೇಲ್ಮೈಯ ಬೆಸುಗೆ ಬರೀ 0.2 ಮಿ.ಮೀ. ಎಳೆದರೂ 550 ಮಿ.ಮೀ. ಆಚೆಯ ತುದಿ ಎರಡು ಮಿ.ಮೀ.ಗೂ ಹೆಚ್ಚು ಮೇಲೇಳುತ್ತದೆ. ತಿಳಿದ ವೆಲ್ಡರ್ ಮೊದಲು ಎಲ್ಲ ಕೂಡುಗಳಿಗೂ ಬರೀ ಟ್ಯಾಕ್, ಅಂದರೆ ಚುಕ್ಕಿಯಷ್ಟೇ ಬೆಸುಗೆ, ಹಾಕುತ್ತಾನೆ. ಮೂಲೆಮಟ್ಟ ಇಟ್ಟು ನೋಡುತ್ತಾನೆ, ಎದುರುಬದುರಿನ ಕಾಲಿನ ತುದಿಗಳ ನಡುವೆ ಟೇಪು ಹಿಡಿದು ಎರಡು ಅಳತೆಯೂ ಒಂದೇ ಬಂತೇ ಎಂದು ನೋಡುತ್ತಾನೆ. ಆಮೇಲೆ ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ ಒಂದು ಕಾಲಿಗೆ ಸ್ವಲ್ಪ, ಅದರ ಎದುರಿನದಕ್ಕೆ ಸ್ವಲ್ಪ, ಮೇಲೊಂದು ಬೆಸುಗೆ, ಕೆಳಗೊಂದು ಬೆಸುಗೆ. ನಡುವೆ ಆರಲು ಬಿಡುತ್ತಾನೆ. ನೀರು ಸುರಿದು ಆರಿಸುವ ಆತುರ ಮಾಡುವುದಿಲ್ಲ.

ಪೀಠ ತಿರುಚಿಕೊಂಡಿದೆಯೇ ಎಂದು ತಿಳಿಯಲು ದಾರವೇ ಸಾಕು. ಪೀಠವನ್ನು ತಲೆಕೆಳಗು ಮಾಡಿ, ನಾಲ್ಕೂ ಕಾಲಿನ ತುದಿಯಲ್ಲಿ ಒಂದೊಂದು ಐದು ರೂಪಾಯಿ ನಾಣ್ಯ ಇಟ್ಟು, ಎದುರುಬದುರು ಕಾಲುಗಳ ನಡುವೆ ಎರಡು ತೆಳು ದಾರಗಳನ್ನು ಬಿಗಿಯಾಗಿ ಎಳೆಯಬೇಕು. ನಡುವೆ ಅವು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಹಾದುಹೋದರೆ ಪೀಠ ಮಟ್ಟವಾಗಿದೆ. ಒಂದು ದಾರ ಇನ್ನೊಂದನ್ನು ಒತ್ತಿ ಬಾಗಿಸಿದರೆ, ಇಲ್ಲವೇ ನಡುವೆ ಸಂದು ಬಿಟ್ಟರೆ, ಇನ್ನೂ ಟ್ಯಾಕ್ ಹಂತದಲ್ಲೇ ಇದ್ದಾಗ ಸುತ್ತಿಗೆ ಏಟಿನಲ್ಲಿ ಸರಿಪಡಿಸಬಹುದು. ಪೂರ್ತಿ ಬೆಸುಗೆಯಾದ ಮೇಲೆ ಅದು ದೊಡ್ಡ ತಲೆನೋವು.

ಕಂಬದ ನೆತ್ತಿಯ ಮೇಲೆ, ತೋಳುಗಳನ್ನು ತಿರುಗಿಸುವ ಹಬ್ ಕೂರಬೇಕು. ದೊಡ್ಡ ವರ್ಕ್‌ಶಾಪಿನಲ್ಲಿ ಪೂರ್ತಿ ಫ್ರೇಮನ್ನೇ ಯಂತ್ರಕ್ಕೆ ಕಟ್ಟಿ ನೆತ್ತಿಯನ್ನು ನುಣುಪಾಗಿ ಕೊರೆಯುತ್ತಾರೆ. ಅದಕ್ಕೆ ಕೂಲಿ ಜಾಸ್ತಿ. ಅಗ್ಗದ ದಾರಿ ಎಂದರೆ ನೆತ್ತಿಗೆ ಬೆಸೆದ ಪ್ಲೇಟನ್ನು ಹಾಗೇ ಬಿಟ್ಟು, ಅದರ ಮೇಲೆ ಲೇತಿನಲ್ಲಿ ಮಟ್ಟ ಮಾಡಿದ ಇನ್ನೊಂದು ದಪ್ಪ ಪ್ಲೇಟನ್ನು ಮೂರು ಎತ್ತುವ ಬೋಲ್ಟು, ಮೂರು ಬಿಗಿಯುವ ಬೋಲ್ಟುಗಳ ಮೇಲೆ ಕೂರಿಸುವುದು. ಮೂರು ಕಾಲಿನ ಮಣೆಯ ಗುಣ ಇಲ್ಲಿ ಕೆಲಸಕ್ಕೆ ಬಂತು. ಹಬ್ಬಿಗೆ ಗುಜರಿಯಿಂದ ತಂದ ಕಾರಿನ ಚಕ್ರದ ಹಬ್ಬನ್ನು ಬಳಸುವ ರೂಢಿ ಕೈಯಾರೆ ಯಂತ್ರ ಕಟ್ಟುವವರಲ್ಲಿ ಉಂಟು. ರಸ್ತೆಯ ಗುಂಡಿಗಳನ್ನೇ ತಡೆದುಕೊಂಡ ಬೇರಿಂಗಿಗೆ ಟೀ ಶರ್ಟು ಯಾವ ಲೆಕ್ಕ ಎನಿಸಬಹುದು. ಭಾರದ ವಿಷಯದಲ್ಲಿ ಅದು ಸರಿ. ಅಲುಗಾಟದ ವಿಷಯದಲ್ಲಿ ಹುಷಾರು ಬೇಕು. ಎರಡು ಬೇರಿಂಗ್‌ಗಳ ನಡುವೆ 50 ಮಿ.ಮೀ. ಅಂತರವಿದ್ದು, ಅಲ್ಲಿ 0.05 ಮಿ.ಮೀ. ಸಡಿಲವಿದ್ದರೆ 800 ಮಿ.ಮೀ. ದೂರದ ತೋಳಿನ ತುದಿ 0.8 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಪೈಪಿನಲ್ಲಿ ಉಳಿಸಿದ ಬಿಗಿಯೆಲ್ಲ ಅಲ್ಲೇ ಸೋರಿಹೋಯಿತು. ಬೇರಿಂಗ್‌ಗಳನ್ನು 200 ಮಿ.ಮೀ. ದೂರ ದೂರ ಕೂರಿಸಿದರೆ ಅದೇ ಸಡಿಲಕ್ಕೆ ತುದಿಯ ಆಟ 0.2 ಮಿ.ಮೀ.ಗೆ ಇಳಿಯುತ್ತದೆ. ಇಡೀ ಯಂತ್ರದಲ್ಲಿ ದುಡ್ಡು ಬಿಚ್ಚಲೇಬೇಕಾದ ಜಾಗ ಇದು.

ಬಿಗಿಯ ಜೊತೆಗೆ ತೂಕವೂ ಬೇಕು. ತೋಳನ್ನು ತಿರುಗಿಸಿ ತಡೆಗೆ ಬಡಿಸಿದಾಗಲೆಲ್ಲ ಹಗುರ ಪೀಠ ನೆಲದ ಮೇಲೆ ಒಂದು ಎಳೆಯಷ್ಟು ಸರಿಯುತ್ತದೆ. ಹಳೆಯ ಕಾಲದ ಯಂತ್ರಗಳಿಗೆ ಬೀಡುಕಬ್ಬಿಣದ ಪೀಠ ಎರಕ ಹೊಯ್ಯುತ್ತಿದ್ದರು. ಬೀಡು ಉಕ್ಕಿಗಿಂತ ಹೆಚ್ಚು ಬಾಗುತ್ತದಾದರೂ ಕಂಪನವನ್ನು ಚೆನ್ನಾಗಿ ನುಂಗುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಅಂಥ ಎರಕ ಹೊಯ್ಯಿಸಬಹುದು. ಆದರೆ ಅಚ್ಚು ಮಾಡಿಸುವ ಖರ್ಚು ನೂರಾರು ಯಂತ್ರಗಳ ಮೇಲೆ ಹಂಚಿಹೋದರಷ್ಟೇ ಗಿಟ್ಟುತ್ತದೆ. ಒಂದೆರಡು ಯಂತ್ರ ಕಟ್ಟುವವರಿಗೆ ಕಲ್ಲೇ ಗತಿ, ಒಳ್ಳೆಯ ಗತಿ. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳು ಸಾಲುಗಟ್ಟಿವೆ. ಅಂಚು ಒಡೆದ ಚಪ್ಪಡಿಗಳು ಅಲ್ಲಿ ಅಡ್ಡ ಬಿದ್ದಿರುತ್ತವೆ. ಒಂದು ಮೀಟರ್ ಉದ್ದ, 600 ಮಿ.ಮೀ. ಅಗಲ, 40 ಮಿ.ಮೀ. ದಪ್ಪದ ಒಂದು ಚಪ್ಪಡಿ 65 ಕಿಲೋದಷ್ಟು ತೂಗುತ್ತದೆ. ಅದನ್ನು ಎರಡು ತುಂಡು ಮಾಡಿ ಕಾಲುಗಳ ಮೇಲೆ ಕಂಬದ ಎರಡೂ ಪಕ್ಕ ಕೂರಿಸಿದರೆ 34 ಕಿಲೋದ ಪೀಠ ನೂರು ಕಿಲೋ ಆಗುತ್ತದೆ. ಯಂತ್ರ ಸಾಗಿಸಬೇಕಾದಾಗ ಕಲ್ಲು ಇಳಿಸಿದರೆ ಇಬ್ಬರು ಎತ್ತಬಹುದು. ಕಂಬದೊಳಗೆ ಒಣ ಮರಳು ತುಂಬುವುದೂ ಒಂದು ಉಪಾಯ. ಬೆರಳಲ್ಲಿ ಬಡಿದಾಗ ಠಣ್ ಎನ್ನುತ್ತಿದ್ದ ಪೈಪು ದಬ್ ಎನ್ನುತ್ತದೆ. ಮರಳು ಹಸಿಯಾಗಿದ್ದರೆ ಮಾತ್ರ ಒಳಗಿನಿಂದಲೇ ತುಕ್ಕು ತಿನ್ನುತ್ತದೆ.

ಮರದ ಪೀಠ? ಪ್ಲೈವುಡ್ಡಿನಲ್ಲಿ ಕಟ್ಟಿದ್ದು ಬೇಸಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ ಸ್ಕ್ರೀನ್ ತೊಳೆಯುವ ನೀರು, ಮಂಗಳೂರಿನಂಥ ಊರಿನ ಮಳೆಗಾಲ ಎರಡೂ ಸೇರಿದರೆ ಜೂನಿನಲ್ಲಿ ಹೊಂದಿಸಿದ ಅಳತೆ ಆಗಸ್ಟಿನಲ್ಲಿ ಇರುವುದಿಲ್ಲ.

ತಮಿಳುನಾಡಿನ ತಿರುಪ್ಪೂರಿನಲ್ಲಿ ಅಲುಗದ ಪೀಠದ ಪ್ರಶ್ನೆಗೆ ಬೇರೊಂದು ಉತ್ತರವಿದೆ. ದೇಶದ ಹತ್ತಿ ಹೆಣಿಗೆ ಉಡುಪುಗಳ ರಫ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆ ಊರಿನದು. ಅಲ್ಲಿ ಹೊಲಿಗೆಗೆ ಮುಂಚೆಯೇ, ಕತ್ತರಿಸಿದ ತುಂಡುಗಳನ್ನು ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ಅಂಟಿಸಿ ಮುದ್ರಿಸುವ ಪದ್ಧತಿಯಿದೆ. ಬಟ್ಟೆ ಅಲುಗುವುದಿಲ್ಲ, ಸ್ಕ್ರೀನ್ ಹಿಡಿದವರು ಮೇಜಿನುದ್ದಕ್ಕೂ ನಡೆಯುತ್ತಾರೆ. ತಿರುಗುವ ಹಬ್ಬೇ ಇಲ್ಲವಾದ್ದರಿಂದ ಸಡಿಲದ ಭಯವಿಲ್ಲ. ಬದಲಿಗೆ ಮೇಜಿನ ಅಂಚಿನ ಗೈಡು ನೂಲು ಹಿಡಿದಂತೆ ನೇರವಾಗಿರಬೇಕು, ಕಾಲುಗಳ ಮಟ್ಟ ಉದ್ದಕ್ಕೂ ಒಂದೇ ಇರಬೇಕು. ಜಾಗ ಧಾರಾಳವಾಗಿದ್ದವರಿಗೆ ಇದಕ್ಕಿಂತ ಅಗ್ಗದ ಪೀಠ ಇಲ್ಲ. ಹತ್ತಡಿಗೆ ಹದಿನೈದಡಿ ಬಾಡಿಗೆ ಮಳಿಗೆಯಲ್ಲಿ ಕೆಲಸ ಮಾಡುವವರಿಗೆ ತಿರುಗುವ ಯಂತ್ರವೇ ಬೇಕು.

ಯಂತ್ರದ ಕೆಳಗೆ ಚಕ್ರ ಕಟ್ಟಿಸುವ ಆಸೆ ಹಲವರಿಗೆ. ಶೆಡ್ಡು ಗುಡಿಸಲು ಅನುಕೂಲ ಎಂಬುದು ನಿಜ, ಆದರೆ ಚಕ್ರದ ಮೇಲೆ ನಿಂತ ಪೀಠಕ್ಕೆ ಮೇಲಿನ ಲೆಕ್ಕ ಯಾವುದೂ ಅನ್ವಯಿಸದು. ಮೆತ್ತನೆಯ ರಬ್ಬರ್ ಕಾಲೂ ಹಾಗೆಯೇ, ಒತ್ತಿದಷ್ಟೂ ಕುಪ್ಪಳಿಸುತ್ತದೆ. ಬೋಲ್ಟಿನ ಕೆಳಗೆ ಅಂಗೈಯಗಲದ ಉಕ್ಕಿನ ಪ್ಲೇಟು ಇಟ್ಟು, ರಸಮಟ್ಟ ನೋಡಿ, ಲಾಕ್‌ನಟ್ ಬಿಗಿದರೆ ಮುಗಿಯಿತು. ನೆಲ ಸ್ವಂತದ್ದಾಗಿದ್ದರೆ ಆಂಕರ್ ಬೋಲ್ಟ್ ಹೊಡೆಯುವುದು ಇನ್ನೂ ಉತ್ತಮ. ಕಾಲಿನ ಬೋಲ್ಟು ಎತ್ತರ ಹೊಂದಿಸಲೂ ನೆರವಾಗುತ್ತದೆ. ಹಲಗೆ ಸಾಮಾನ್ಯವಾಗಿ ನೆಲದಿಂದ 900 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಐದಡಿ ಎತ್ತರದ ಹೆಣ್ಣುಮಗಳು ಅಲ್ಲಿ ದಿನವಿಡೀ ಭುಜ ಎತ್ತಿ ಸ್ಕ್ವೀಜಿ ಎಳೆಯಬೇಕಾದರೆ ಸಂಜೆಯ ಹೊತ್ತಿಗೆ ಕೈ ಸೋತು ಒತ್ತಡ ತಪ್ಪುತ್ತದೆ. ಅವಳ ಮೊಣಕೈಗೆ ತಕ್ಕ ಹಾಗೆ ಕಂಬವನ್ನು ಮೊದಲೇ ಎರಡಂಗುಲ ಗಿಡ್ಡ ಕತ್ತರಿಸಿ, ಎತ್ತರದವರು ಬಂದಾಗ ಕಾಲಿನ ಕೆಳಗೆ ಪ್ಲೇಟು ಕೊಡುವುದು ಜಾಣತನ. ಇದಕ್ಕೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ, ಆದರೂ ಯಂತ್ರ ಕಟ್ಟುವವರು ಮುದ್ರಿಸುವವರನ್ನು ಕೇಳುವುದೇ ಇಲ್ಲ.

ರೆಡ್ ಆಕ್ಸೈಡ್ ಬಳಿಯುವ ಮೊದಲು ಪರೀಕ್ಷೆಯೊಂದು ಬಾಕಿ ಇರುತ್ತದೆ. ನೆಲದಿಂದ ಆಧಾರ ಕೊಟ್ಟು ಡಯಲ್ ಗೇಜನ್ನು ಪ್ಯಾಲೆಟ್ಟಿನ ಅಡಿಗೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಹಲಗೆಯ ತುದಿಯಲ್ಲಿ ಹತ್ತು ಕಿಲೋ ಅಕ್ಕಿ ಚೀಲ ಇಡಬೇಕು. ಮುಳ್ಳು ಎಷ್ಟು ಓಡಿತು ಎಂದು ಬರೆದುಕೊಂಡು ಚೀಲ ಎತ್ತಬೇಕು. ಮುಳ್ಳು ಓಡುವುದು ತಪ್ಪಲ್ಲ, ಉಕ್ಕು ಬಾಗಿಯೇ ಬಾಗುತ್ತದೆ. ಚೀಲ ತೆಗೆದ ಮೇಲೆ ಅದು ಸೊನ್ನೆಗೆ ಮರಳಿತೇ ಎಂದು ನೋಡಬೇಕು. ಮರಳದಿದ್ದರೆ ಎಲ್ಲೋ ಬೋಲ್ಟು ಜಾರಿದೆ, ಇಲ್ಲವೇ ಬೇರಿಂಗ್ ಸಡಿಲಿದೆ. ನಾಲ್ಕೂ ತೋಳಿಗೆ ಇದೇ ಪರೀಕ್ಷೆ. ಆಮೇಲೆ ಸ್ಕ್ರೀನ್ ಕಟ್ಟಿ, ಹಳೆಯ ಬನಿಯನ್ನುಗಳ ಮೇಲೆ ಎರಡು ಬಣ್ಣದ ಕೂಡುಗುರುತನ್ನು ಐವತ್ತು ಸಲ ಒತ್ತಿಸಬೇಕು, ಒಬ್ಬರ ಬದಲು ಇಬ್ಬರಿಂದ, ನಿಧಾನಕ್ಕೂ ಅವಸರಕ್ಕೂ. ಮೊದಲನೆಯದನ್ನೂ ಐವತ್ತನೆಯದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಳದಿ ಗೀಟಿನ ಮೇಲೆ ಕೆಂಪು ಗೀಟು ಎಲ್ಲಿ ಕೂತಿದೆ ಎಂದು ಭೂತಗನ್ನಡಿಯಲ್ಲಿ ನೋಡಬೇಕು.